ಬ್ರೆಸ್ಲಾವಿನ ಬೇರು, ಭದ್ರಾವತಿಯ ನಕ್ಷೆ: ವಲಸೆ ಬಂದ ಯಹೂದಿ ಮನೆತನವೊಂದರ ವಂಶಶೋಧ

ಭದ್ರಾವತಿ: ಉಕ್ಕಿನ ನಗರಿ ಎಂದೊಡನೆ ನಾಡಿನ ಜನರಿಗೆ ನೆನಪಾಗುವ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. ಅದು ಸಹಜವೂ ಹೌದು. ಆದರೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆಯತೊಡಗಿದ ಈ ಊರಿನ ವಿಸ್ತರಣೆಗೆ 1940ರ ದಶಕದಲ್ಲಿ ಯೋಜನೆ ರೂಪಿಸಿದವರು ಬರ್ಲಿನ್‌ನಿಂದ ಬಂದ ಒಬ್ಬ ವಾಸ್ತುಶಿಲ್ಪಿ ಎಂಬ ಸಂಗತಿ ಇಲ್ಲಿನವರಲ್ಲೇ ಬಹಳ ಮಂದಿಗೆ ತಿಳಿದಿಲ್ಲ. ಅವರ ಹೆಸರು ಒಟ್ಟೊ ಕೋನಿಗ್ಸ್‌ಬರ್ಗರ್. 1939ರಿಂದ 1948ರವರೆಗೆ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಅವರು ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ಮೂಲದ ನಿರಾಶ್ರಿತರು.

ಶಿವಮೊಗ್ಗ ನಗರದಲ್ಲಿಯೂ ಭದ್ರಾವತಿಯಲ್ಲಿಯೂ ಹೊಸಮನೆ ಎಂಬ ಹೆಸರಿನ ಬಡಾವಣೆಗಳಿವೆ. ನೆಲೆ ತಪ್ಪಿದ ಮನೆತನವೊಂದು ಹೊಸ ಮನೆ ಹುಡುಕಿ ಹೊರಟಾಗ ಅದರ ಹಳೆಯ ಮನೆಯ ಗುರುತುಗಳು ಏನಾಗುತ್ತವೆ? ಮೂರು ಖಂಡಗಳಿಗೆ ಚದುರಿದ ಕುಟುಂಬದ ಮೂಲವನ್ನು ಇಂದು ಅರಸುವವರು ಎಲ್ಲಿಂದ ಆರಂಭಿಸಬೇಕು? ಕೋನಿಗ್ಸ್‌ಬರ್ಗರ್ ಅವರ ಮನೆತನದ ಉದಾಹರಣೆಯೊಂದಿಗೆ ಈ ಪ್ರಶ್ನೆಗಳನ್ನು ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಕುಟುಂಬದ ವಂಶವೃಕ್ಷ ಜರ್ಮನಿಯ ಕಾಗದಪತ್ರಗಳಿಂದ ಮಾತ್ರ ಪೂರ್ಣವಾಗದು. ಅದರ ಒಂದು ಕೊಂಬೆ ಮೈಸೂರು ಸಂಸ್ಥಾನದ ಕಡತಗಳಲ್ಲಿದೆ.

ಸೋದರಮಾವನ ನಂಟು

ಒಟ್ಟೊ ಕೋನಿಗ್ಸ್‌ಬರ್ಗರ್ ಬರ್ಲಿನ್‌ನಲ್ಲಿ 1908ರಲ್ಲಿ ಜನಿಸಿದರು. ತಂದೆ ಜಾರ್ಜ್ ಕೋನಿಗ್ಸ್‌ಬರ್ಗರ್ ಕೂಡ ವಾಸ್ತುಶಿಲ್ಪಿಯೇ. ತಾಯಿ ಕ್ಯಾಥೆ ಅವರ ತವರು ಅಂದಿನ ಜರ್ಮನಿಯ ಬ್ರೆಸ್ಲಾವ್ ನಗರದ ಬಾರ್ನ್ ಮನೆತನ. ಕ್ಯಾಥೆಯ ತಂದೆ ಗುಸ್ತಾವ್ ಬಾರ್ನ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಮತ್ತು ಭ್ರೂಣಶಾಸ್ತ್ರದ ವಿದ್ವಾಂಸರಾಗಿದ್ದರು. ತಾಯಿ ಮಾರ್ಗರೆಟ್ ಸೈಲೀಸಿಯಾ ಪ್ರಾಂತ್ಯದ ಬಟ್ಟೆ ಗಿರಣಿ ಉದ್ಯಮಿಗಳಾದ ಕೌಫ್‌ಮನ್ ಕುಟುಂಬದವರು. ಕ್ಯಾಥೆಯ ಅಣ್ಣನೇ ಕ್ವಾಂಟಂ ಭೌತವಿಜ್ಞಾನದ ಸ್ಥಾಪಕರಲ್ಲಿ ಒಬ್ಬರಾದ, 1954ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಮ್ಯಾಕ್ಸ್ ಬಾರ್ನ್.

ಇಂಗ್ಲಿಷ್ ಬರಹಗಳಲ್ಲಿ ಬಾರ್ನ್ ಅವರನ್ನು ಒಟ್ಟೊ ಅವರ 'ಅಂಕಲ್' ಎಂದಷ್ಟೇ ಹೇಳಿರುತ್ತಾರೆ. ಚಿಕ್ಕಪ್ಪನೋ, ದೊಡ್ಡಪ್ಪನೋ, ಮಾವನೋ ಎಂಬುದು ಆ ಒಂದು ಪದದಿಂದ ತಿಳಿಯದು. ವಂಶಶೋಧದಲ್ಲಿ ಇದು ಸಣ್ಣ ವಿಷಯವಲ್ಲ. ಚಿಕ್ಕಪ್ಪನೆಂದು ಭಾವಿಸಿದರೆ ಹುಡುಕಾಟ ತಂದೆಯ ಕಡೆಗೆ ಸಾಗುತ್ತದೆ. ಸೋದರಮಾವನೆಂದು ತಿಳಿದರೆ ತಾಯಿಯ ತವರಿನತ್ತ, ಅಂದರೆ ಬ್ರೆಸ್ಲಾವಿನತ್ತ ತಿರುಗುತ್ತದೆ. ಅಡ್ಡಹೆಸರನ್ನು ಮಾತ್ರ ಹಿಡಿದು ಹೊರಟವರಿಗೆ ಬಾರ್ನ್ ಎಂಬ ಹೆಸರು ಸಿಗುವುದೇ ಇಲ್ಲ. ಹೆಣ್ಣುಮಕ್ಕಳ ತವರಿನ ಹೆಸರನ್ನು ತಿಳಿಯುವುದೇ ಇಂತಹ ಶೋಧದ ಮೊದಲ ಪಾಠ.

ಇದೇ ಮನೆಯ ಇತರರೂ ದಿಕ್ಕಿಗೊಬ್ಬರಾದರು. ಒಟ್ಟೊ ಅವರ ತಮ್ಮ ಹೆಲ್ಮುಟ್ (1918–2014) ಇಂಗ್ಲೆಂಡ್ ಸೇರಿ ಯೂರೋಪಿನ ಇತಿಹಾಸದ ಖ್ಯಾತ ಪ್ರಾಧ್ಯಾಪಕರಾದರು. ಮ್ಯಾಕ್ಸ್ ಬಾರ್ನ್ ಅವರ ಮಲಸಹೋದರ, ಕಲಾ ಇತಿಹಾಸಕಾರ ವುಲ್ಫ್‌ಗಾಂಗ್ ಬಾರ್ನ್ ಅಮೆರಿಕಕ್ಕೆ ಹೋದರು. ಮ್ಯಾಕ್ಸ್ ಬಾರ್ನ್ ಅವರ ಮಗಳ ಮಗಳು ಒಲಿವಿಯಾ ನ್ಯೂಟನ್-ಜಾನ್ ಆಸ್ಟ್ರೇಲಿಯಾದಲ್ಲಿ ಬೆಳೆದು ಜಗತ್ತಿಗೇ ಪರಿಚಿತ ಗಾಯಕಿಯಾದರು; 2022ರಲ್ಲಿ ನಿಧನರಾದರು. ಒಂದು ಬ್ರೆಸ್ಲಾವಿನ ಮನೆಯಿಂದ ಹೊರಟ ಕವಲುಗಳು ಇವು.

ಹೆಸರಿನೊಳಗಿನ ಊರು

ನಮ್ಮಲ್ಲಿ ಅನೇಕರ ಹೆಸರಿನ ಮುಂದೆ ಊರಿನ ಹೆಸರಿರುತ್ತದೆ. ಉತ್ತರ ಕರ್ನಾಟಕದಲ್ಲಿ ಅದು ಅಡ್ಡಹೆಸರಾಗಿ ಕೊನೆಯಲ್ಲಿ ಬರುತ್ತದೆ. ಯಹೂದಿಗಳಲ್ಲಿಯೂ ಇದು ಸಾಮಾನ್ಯ. ಯೂರೋಪಿನ ಯಹೂದಿಗಳಲ್ಲಿ ಬಹುಪಾಲು ಜನರಿಗೆ ಹಿಂದೆ ಸ್ಥಿರವಾದ ಅಡ್ಡಹೆಸರೇ ಇರಲಿಲ್ಲ. ಇಂಥವರ ಮಗ ಇಂಥವನು ಎಂದು ಕರೆಯುವುದೇ ರೂಢಿಯಾಗಿತ್ತು. ಆಸ್ಟ್ರಿಯಾದಲ್ಲಿ 1787ರ ರಾಜಾಜ್ಞೆ, ಪ್ರಷ್ಯಾದಲ್ಲಿ 1812ರ ಶಾಸನ ಅಡ್ಡಹೆಸರನ್ನು ಕಡ್ಡಾಯಗೊಳಿಸಿದವು. ಆಗ ಅನೇಕರು ತಮ್ಮ ಊರಿನ ಹೆಸರನ್ನೇ ಆಯ್ದುಕೊಂಡರು.

ಕೋನಿಗ್ಸ್‌ಬರ್ಗರ್ ಎಂದರೆ ಕೋನಿಗ್ಸ್‌ಬರ್ಗ್ ಊರಿನವರು ಎಂದರ್ಥ. ಹಾಗೆಂದು ಪೂರ್ವ ಪ್ರಷ್ಯಾದ ಪ್ರಸಿದ್ಧ ಕೋನಿಗ್ಸ್‌ಬರ್ಗ್ ನಗರವೇ ಈ ಮನೆತನದ ಮೂಲವೆಂದು ತೀರ್ಮಾನಿಸುವಂತಿಲ್ಲ. 'ರಾಜನ ಬೆಟ್ಟ' ಎಂಬ ಅರ್ಥದ ಈ ಹೆಸರಿನ ಊರುಗಳು ಜರ್ಮನ್ ಭಾಷೆಯ ಪ್ರದೇಶಗಳಲ್ಲಿ ಹಲವು ಇದ್ದವು. ಹೊಸಹಳ್ಳಿಯವರು ಎಂದಾಕ್ಷಣ ಯಾವ ತಾಲ್ಲೂಕಿನ ಹೊಸಹಳ್ಳಿ ಎಂದು ನಾವು ಕೇಳುವುದಿಲ್ಲವೇ? ಅಡ್ಡಹೆಸರು ಸುಳಿವು ಮಾತ್ರ, ಸಾಕ್ಷ್ಯವಲ್ಲ.

ಊರುಗಳ ಹೆಸರು ಬದಲಾಗಿರುವುದು ಇನ್ನೊಂದು ತೊಡಕು. ಎರಡನೇ ಮಹಾಯುದ್ಧದ ಅನಂತರ ಬ್ರೆಸ್ಲಾವ್ ಪೋಲೆಂಡಿನ ವ್ರೊತ್ಸ್ವಾಫ್ ಆಯಿತು. ಕೋನಿಗ್ಸ್‌ಬರ್ಗ್ ನಗರ ಸೋವಿಯತ್ ಒಕ್ಕೂಟಕ್ಕೆ ಸೇರಿ 1946ರಲ್ಲಿ ಕಲಿನಿನ್‌ಗ್ರಾಡ್ ಎಂಬ ಹೆಸರು ಪಡೆಯಿತು. ಈಗ ಅದು ರಷ್ಯಾದಲ್ಲಿದೆ. ಆದ್ದರಿಂದ ಜರ್ಮನ್ ಕುಟುಂಬವೊಂದರ ದಾಖಲೆ ಪೋಲೆಂಡಿನ ಪತ್ರಾಗಾರದಲ್ಲಿರುವುದು ಸರ್ವೇಸಾಮಾನ್ಯ. ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಕಾರಣ ಅಲ್ಲಿನ ಹಳೆಯ ಕಡತಗಳನ್ನು ಚೆನ್ನೈನಲ್ಲಿಯೂ ಹುಡುಕಬೇಕಾಗುವಂತೆಯೇ ಇದು. ಅಕ್ಷರದ ತೊಡಕೂ ಇದೆ. ಜರ್ಮನ್ ಭಾಷೆಯಲ್ಲಿ ತಲೆಯ ಮೇಲೆ ಎರಡು ಚುಕ್ಕೆಗಳಿರುವ ಅಕ್ಷರವನ್ನು ಇಂಗ್ಲಿಷಿನಲ್ಲಿ ಎರಡಕ್ಷರವಾಗಿ ಒಡೆದು ಬರೆಯುತ್ತಾರೆ. ಕೆಲವೊಮ್ಮೆ ಚುಕ್ಕೆಗಳನ್ನೇ ಬಿಟ್ಟುಬಿಡುತ್ತಾರೆ. ಕೋನಿಗ್ಸ್‌ಬರ್ಗರ್ ಎಂಬ ಹೆಸರನ್ನು ಹುಡುಕುವವರು ಈ ಎಲ್ಲ ರೂಪಗಳನ್ನೂ ನೋಡಬೇಕಾಗುತ್ತದೆ.

ಅಜ್ಜನ ಹೆಸರು, ಸಮಾಧಿಯ ಕಲ್ಲು

ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಮನೆಗಳಲ್ಲಿ ಹಳೆಯ ಪದ್ಧತಿ. ಯಹೂದಿಗಳಲ್ಲಿ ಇದಕ್ಕೊಂದು ನಿಯಮವಿದೆ. ಯೂರೋಪಿನ ಅಷ್ಕೆನಾಜಿ ಯಹೂದಿಗಳು ಬದುಕಿರುವ ಹಿರಿಯರ ಹೆಸರನ್ನು ಮಗುವಿಗೆ ಇಡುವುದಿಲ್ಲ. ತೀರಿಕೊಂಡವರ ಹೆಸರನ್ನು ಮಾತ್ರ ಇಡುತ್ತಾರೆ. ಬಾಗ್ದಾದ್ ಮುಂತಾದ ಕಡೆಯ ಯಹೂದಿಗಳಲ್ಲಿ ಬದುಕಿರುವ ಅಜ್ಜನ ಹೆಸರಿಡುವುದು ಗೌರವದ ಸಂಕೇತ. ಬಾರ್ನ್ ಕುಟುಂಬದಲ್ಲಿ ಗುಸ್ತಾವ್ ಬಾರ್ನ್ 1900ರಲ್ಲಿ ತೀರಿಕೊಂಡರು. 1921ರಲ್ಲಿ ಹುಟ್ಟಿದ ಮ್ಯಾಕ್ಸ್ ಬಾರ್ನ್ ಅವರ ಮಗನಿಗೆ ಗುಸ್ತಾವ್ ಎಂದೇ ಹೆಸರಿಡಲಾಯಿತು. ಮುಂದೆ ಅವರು ಔಷಧ ವಿಜ್ಞಾನಿಯಾಗಿ ಹೆಸರಾದರು. ಇಂತಹ ಪುನರಾವರ್ತನೆಗಳಿಂದ, ದಾಖಲೆ ಇಲ್ಲದ ಕಡೆಯೂ ಹಿರಿಯರೊಬ್ಬರ ಹೆಸರನ್ನೂ ಅವರು ತೀರಿಕೊಂಡ ಕಾಲವನ್ನೂ ಸ್ಥೂಲವಾಗಿ ಊಹಿಸಲು ಸಾಧ್ಯ.

ಸಮಾಧಿ ಕಲ್ಲುಗಳು ಇನ್ನಷ್ಟು ಹೇಳುತ್ತವೆ. ಹೀಬ್ರೂ ಬರಹದಲ್ಲಿ ಮೃತರ ಹೆಸರಿನೊಂದಿಗೆ ಅವರ ತಂದೆಯ ಹೆಸರೂ ಇರುತ್ತದೆ. ಒಂದು ಕಲ್ಲು ಎಂದರೆ ಎರಡು ತಲೆಮಾರು. ಆಶೀರ್ವದಿಸುವ ಎರಡು ಹಸ್ತಗಳ ಚಿತ್ರವಿದ್ದರೆ ಪುರೋಹಿತ ವಂಶ, ನೀರಿನ ಹೂಜಿಯ ಚಿತ್ರವಿದ್ದರೆ ದೇವಾಲಯದ ಸೇವೆಗೆ ಮೀಸಲಾದ ಲೇವಿ ವಂಶ. ಬರ್ಲಿನ್‌ನಲ್ಲಿ 1880ರಲ್ಲಿ ಆರಂಭವಾದ ವೈಸೆನ್‌ಸೀ ಯಹೂದಿ ಸ್ಮಶಾನದಲ್ಲಿ 1 ಲಕ್ಷಕ್ಕೂ ಹೆಚ್ಚು ಸಮಾಧಿಗಳಿದ್ದು, ವಂಶಶೋಧಕರಿಗೆ ಅದು ದೊಡ್ಡ ಆಕರ.

ವಂಶಾವಳಿಯೇ ಆಯುಧವಾದಾಗ

ಈ ಮನೆತನದ ಕಥೆಯಲ್ಲಿ ವಂಶಾವಳಿ ಎಂಬುದು ಕೇವಲ ಕುತೂಹಲದ ವಿಷಯವಾಗಿರಲಿಲ್ಲ. ಏಪ್ರಿಲ್ 1933ರಲ್ಲಿ ಹಿಟ್ಲರನ ಸರ್ಕಾರ ಸರ್ಕಾರಿ ನೌಕರಿಯಿಂದ ಯಹೂದಿಗಳನ್ನು ಹೊರಹಾಕುವ ಕಾನೂನು ತಂದಿತು. ಅಜ್ಜ-ಅಜ್ಜಿಯರ ಪೈಕಿ ಒಬ್ಬರು ಯಹೂದಿಯಾಗಿದ್ದರೂ ನೌಕರಿ ಕಳೆದುಕೊಳ್ಳಲು ಸಾಕಾಗಿತ್ತು. 1935ರ ನ್ಯೂರೆಂಬರ್ಗ್ ಕಾನೂನುಗಳು ಈ ಲೆಕ್ಕಾಚಾರವನ್ನು ಪೌರತ್ವಕ್ಕೂ ಮದುವೆಗೂ ವಿಸ್ತರಿಸಿದವು. ಮೂವರು ಅಥವಾ ನಾಲ್ವರು ಅಜ್ಜ-ಅಜ್ಜಿಯರು ಯಹೂದಿ ಸಮುದಾಯಕ್ಕೆ ಸೇರಿದ್ದರೆ ಆ ವ್ಯಕ್ತಿ ಯಹೂದಿ. ಮ್ಯಾಕ್ಸ್ ಬಾರ್ನ್ 1914ರಲ್ಲೇ ಕ್ರೈಸ್ತ ದೀಕ್ಷೆ ಪಡೆದಿದ್ದರು. ಅದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಗಟ್ಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆಯಿಂದ ಅವರನ್ನು 1933ರಲ್ಲಿ ಅಮಾನತುಗೊಳಿಸಲಾಯಿತು. ಅದೇ ವರ್ಷ ವಾಸ್ತುಶಿಲ್ಪದ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಗೆದ್ದ ಯುವಕ ಒಟ್ಟೊ ಕೂಡ ಸರ್ಕಾರಿ ಕೆಲಸ ಕಳೆದುಕೊಂಡರು.

ಆಗ ಜರ್ಮನಿಯ ಪ್ರತಿ ಮನೆಯವರೂ ಅಜ್ಜ-ಅಜ್ಜಿಯರ ಜನನ ಮತ್ತು ವಿವಾಹದ ಪ್ರಮಾಣಪತ್ರಗಳನ್ನು ಹುಡುಕಿ ತರಬೇಕಾಯಿತು. ಸರ್ಕಾರದ ವಂಶಶೋಧ ಕಚೇರಿಯೊಂದು ಯಹೂದಿ ಸಮುದಾಯಗಳ ಜನನ, ಮರಣ, ವಿವಾಹದ ಪುಸ್ತಕಗಳನ್ನು ವಶಪಡಿಸಿಕೊಂಡಿತು. ಯುದ್ಧದ ಕೊನೆಯ ಹಂತದಲ್ಲಿ ಅವುಗಳಲ್ಲಿ ಅನೇಕವನ್ನು ಮೈಕ್ರೋಫಿಲ್ಮ್ ಮಾಡಲಾಯಿತು. ಮೂಲ ಪುಸ್ತಕಗಳು ಹಲವೆಡೆ ನಾಶವಾದವು, ಫಿಲ್ಮ್‌ಗಳು ಉಳಿದವು. ಜನರನ್ನು ಗುರುತಿಸಿ ಹೊರಹಾಕಲು ಕಲೆಹಾಕಿದ ಅದೇ ದಾಖಲೆಗಳಿಂದ ಇಂದು ಅವರ ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಹಿರಿಯರ ಹೆಸರು ಓದುತ್ತಿದ್ದಾರೆ.

ದಾಖಲೆ ಓದುವಾಗ ಇನ್ನೊಂದು ಎಚ್ಚರ ಅಗತ್ಯ. 1938ರ ಆಜ್ಞೆಯಂತೆ, ಜನವರಿ 1939ರಿಂದ ಯಹೂದಿ ಗಂಡಸರು ತಮ್ಮ ಹೆಸರಿಗೆ 'ಇಸ್ರೇಲ್' ಎಂದೂ ಹೆಂಗಸರು 'ಸಾರಾ' ಎಂದೂ ಸೇರಿಸಿಕೊಳ್ಳಬೇಕಾಯಿತು. ಆ ವರ್ಷಗಳ ಪಾಸ್‌ಪೋರ್ಟಿನಲ್ಲಿ, ಪೊಲೀಸ್ ಕಡತದಲ್ಲಿ ಸಾರಾ ಎಂಬ ಹೆಸರು ಕಂಡರೆ ಅದು ತಂದೆತಾಯಿ ಇಟ್ಟ ಹೆಸರೆಂದು ತಿಳಿಯಬಾರದು.

ಮೈಸೂರಿಗೆ ಬಂದ ದಾರಿ

ಕೆಲಸ ಕಳೆದುಕೊಂಡ ಮ್ಯಾಕ್ಸ್ ಬಾರ್ನ್ ಕೇಂಬ್ರಿಡ್ಜ್ ಸೇರಿದರು. ಅಲ್ಲಿಂದ ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸುಮಾರು ಆರು ತಿಂಗಳು ಇದ್ದರು. ಅವರಿಗೆ ಇಲ್ಲಿಯೇ ಕಾಯಂ ಹುದ್ದೆ ಕೊಡಿಸಲು ರಾಮನ್ ಯತ್ನಿಸಿದರು. ಆ ಸಂಬಂಧದ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು, ಸ್ವದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ವಿದೇಶೀಯನೊಬ್ಬ ಸಂಸ್ಥೆಗೆ ಸಾಲದು ಎಂಬರ್ಥದ ಮಾತನ್ನಾಡಿದರು. ಮನೆಗೆ ಮರಳಿದ ಬಾರ್ನ್ ಕಣ್ಣೀರಿಟ್ಟರು. 1936ರಲ್ಲಿ ಅವರಿಗೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯಿತು.

ಬಾರ್ನ್ ಇಲ್ಲಿ ಉಳಿಯಲಿಲ್ಲ, ಅವರು ಬೆಳೆಸಿದ ಪರಿಚಯ ಉಳಿಯಿತು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರ ಅಜ್ಜ ಆಗಾ ಅಲಿ ಅಸ್ಕರ್ ಕೂಡ ಪರ್ಷಿಯಾದ ಶಿರಾಜ್‌ನಿಂದ ಬೆಂಗಳೂರಿಗೆ ಬಂದ ಕುದುರೆ ವ್ಯಾಪಾರಿ ಎಂಬುದು ಇಲ್ಲಿ ಸ್ಮರಣೀಯ. ಇತ್ತ ಒಟ್ಟೊ ಕೈರೋದಲ್ಲಿ ಈಜಿಪ್ಟಿನ ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ತೊಡಗಿದ್ದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಕುರಿತು ಡಾಕ್ಟರೇಟ್ ಪಡೆದಿದ್ದರು. ಸೋದರಮಾವನ ಪರಿಚಯದ ಬಲದಿಂದ ಅಳಿಯನಿಗೆ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯ ಹುದ್ದೆ ದೊರೆಯಿತು. 1939ರಲ್ಲಿ, ಯುದ್ಧ ಆರಂಭವಾಗುವ ಕೆಲವೇ ತಿಂಗಳ ಮೊದಲು ಅವರು ಇಲ್ಲಿಗೆ ಬಂದರು.

ಬೆಂಗಳೂರಿನ ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ವಿಜ್ಞಾನ ಸಂಸ್ಥೆಯ ವಿಮಾನಯಂತ್ರ ವಿಭಾಗದ ಕಟ್ಟಡಗಳು ಅವರ ಕೆಲಸಕ್ಕೆ ಸಾಕ್ಷಿಯಾಗಿವೆ. ಭದ್ರಾವತಿಯಲ್ಲದೆ ಟಾಟಾ ಸಂಸ್ಥೆಗಾಗಿ ಜಮ್‌ಶೆಡ್‌ಪುರದ ಯೋಜನೆಯನ್ನೂ ಅವರು ರೂಪಿಸಿದರು. 1948ರಲ್ಲಿ ಭುವನೇಶ್ವರದ ನಕ್ಷೆ ಸಿದ್ಧಪಡಿಸಿದರು. ಅದೇ ವರ್ಷ ನೆಹರೂ ಸರ್ಕಾರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಿಂದ ಮನೆ ಕಳೆದುಕೊಂಡ ಲಕ್ಷಾಂತರ ನಿರಾಶ್ರಿತರಿಗೆ ಮನೆ ಕಟ್ಟಿಸುವ ಹೊಣೆ, ಸ್ವತಃ ನಿರಾಶ್ರಿತರಾಗಿ ಬಂದವರ ಪಾಲಿಗೆ ಬಂದಿತು. 1951ರಲ್ಲಿ ಲಂಡನ್‌ಗೆ ತೆರಳಿದ ಅವರು ಉಷ್ಣವಲಯದ ವಾಸ್ತುಶಿಲ್ಪದ ಬೋಧನೆಗೆ ಬುನಾದಿ ಹಾಕಿದರು. 1999ರಲ್ಲಿ ನಿಧನರಾದರು.

ಮಾಗಡಿ ರಸ್ತೆಯ ಸಾಕ್ಷ್ಯ

ಕರ್ನಾಟಕಕ್ಕೆ ಬಂದ ಯಹೂದಿಗಳೆಲ್ಲ ಜರ್ಮನಿಯಿಂದ ಬಂದವರಲ್ಲ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಯಹೂದಿಗಳ ಸ್ಮಶಾನವೊಂದಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಡಳಿತದಲ್ಲಿ ದೊರೆತ ಜಾಗ ಅದು. ಇದರ ಪಾಲನೆ ಮಾಡಿಕೊಂಡು ಬಂದದ್ದು ಇರಾಕ್ ಮೂಲದ ರೂಬಿನ್ ಮೋಸೆಸ್ ಅವರ ಕುಟುಂಬ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅವರ ಪಾದರಕ್ಷೆಯ ಅಂಗಡಿ ಒಂದು ಕಾಲಕ್ಕೆ ಪ್ರಸಿದ್ಧವಾಗಿತ್ತು. ಸ್ಮಶಾನದ ಅತ್ಯಂತ ಹಳೆಯ ಸಮಾಧಿಗಳಲ್ಲಿ 1904ರ ಸುಬೇದಾರ್ ಸ್ಯಾಮ್ಯುಯೆಲ್ ನಾಗಾವ್‌ಕರ್ ಅವರದೂ ಒಂದು.

ಈ ಹೆಸರೇ ಒಂದು ವಂಶಾವಳಿ. ಸುಬೇದಾರ್ ಎಂಬುದರಿಂದ ಸೇನೆಯ ಕಡತದಲ್ಲಿ ಹುಡುಕಬೇಕೆಂದು ತಿಳಿಯುತ್ತದೆ. ಸ್ಯಾಮ್ಯುಯೆಲ್ ಎಂಬುದು ಧರ್ಮಗ್ರಂಥದ ಹೆಸರು. ನಾಗಾವ್‌ಕರ್ ಎಂದರೆ ಕೊಂಕಣದ ಅಲಿಬಾಗ್ ಬಳಿಯ ನಾಗಾವ್‌ನವರು. ಕೊಂಕಣ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿ ಮರಾಠಿ ಮಾತನಾಡುವ ಬೆನೆ ಇಸ್ರೇಲ್ ಯಹೂದಿಗಳ ಅಡ್ಡಹೆಸರುಗಳು ಬಹುತೇಕ ಹಳ್ಳಿಯ ಹೆಸರಿಗೆ 'ಕರ್' ಸೇರಿ ಆದವು. ಗಾಣದ ಕಸುಬಿನವರಾಗಿದ್ದ ಅವರು ಶನಿವಾರ ಕೆಲಸ ಮಾಡುತ್ತಿರಲಿಲ್ಲವಾಗಿ ನೆರೆಯವರು ಅವರನ್ನು 'ಶನಿವಾರ್ ತೇಲಿ' ಎಂದು ಕರೆಯುತ್ತಿದ್ದರು. ನೌಕಾಘಾತದಿಂದ ಪಾರಾದ ಏಳು ದಂಪತಿಗಳಿಂದ ತಮ್ಮ ಕುಲ ಬೆಳೆಯಿತೆಂಬುದು ಅವರ ಪರಂಪರೆಯ ನಂಬಿಕೆ.

ಇಂತಹ ಪರಂಪರೆಯ ಮಾತನ್ನು ವಂಶವಾಹಿ ಪರೀಕ್ಷೆ ಎಷ್ಟರಮಟ್ಟಿಗೆ ಒರೆಗೆ ಹಚ್ಚಬಲ್ಲದು? ಬೆನೆ ಇಸ್ರೇಲ್ ಸಮುದಾಯದಲ್ಲಿ ಯಹೂದಿ ಮತ್ತು ಭಾರತೀಯ ಎರಡೂ ಮೂಲಗಳಿವೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸಮುದಾಯದ ಮಟ್ಟದಲ್ಲಿ ಇದು ಮಹತ್ವದ ಮಾಹಿತಿ. ಒಂದು ಕುಟುಂಬದ ಮಟ್ಟಿಗೆ ಮಾತ್ರ ಪರೀಕ್ಷೆಯಿಂದ ಮುತ್ತಜ್ಜನ ಹೆಸರಾಗಲೀ ಊರಾಗಲೀ ತಿಳಿಯುವುದಿಲ್ಲ. ಒಳಗೊಳಗೇ ಮದುವೆಯಾದ ಸಮುದಾಯಗಳಲ್ಲಿ ದೂರದ ಬಂಧುಗಳೂ ಹತ್ತಿರದವರಂತೆ ಕಾಣುವ ಸಾಧ್ಯತೆ ಇದೆ. ಸೋದರಸಂಬಂಧದ ಮದುವೆ ಹೆಚ್ಚಾಗಿರುವ ನಮ್ಮ ಮನೆತನಗಳಿಗೂ ಈ ಮಾತು ಅನ್ವಯಿಸುತ್ತದೆ.

ಹುಡುಕಾಟದ ಕ್ರಮ

ಮನೆಯ ಹಿರಿಯರ ಮಾತನ್ನು ಬರೆದಿಟ್ಟುಕೊಳ್ಳುವುದರಿಂದ ಶೋಧ ಆರಂಭವಾಗಬೇಕು. ಹೆಸರು, ತವರು, ಊರು, ಕಸುಬು, ಊರು ಬಿಟ್ಟ ವರ್ಷ ಇವಿಷ್ಟು ಮೊದಲು. ಮ್ಯಾಕ್ಸ್ ಬಾರ್ನ್ ತಮ್ಮ ಆತ್ಮಕಥೆಯಲ್ಲಿ ಹಿರಿಯರ ವಿವರಗಳನ್ನು ದಾಖಲಿಸಿರುವುದರಿಂದ ಆ ಕುಟುಂಬಕ್ಕೆ ಈ ಕೆಲಸ ಸುಲಭವಾಗಿದೆ. ಅನಂತರ ಸರ್ಕಾರಿ ನೋಂದಣಿ. ಪ್ರಷ್ಯಾದಲ್ಲಿ ಅಕ್ಟೋಬರ್ 1874ರಿಂದ ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ ಇದೆ. ಅದಕ್ಕೂ ಹಿಂದಿನದಕ್ಕೆ ಯಹೂದಿ ಸಮುದಾಯದ ಪುಸ್ತಕಗಳನ್ನು ಆಶ್ರಯಿಸಬೇಕು.

ಜರ್ಮನ್ ಭಾಷಿಕ ಯಹೂದಿ ಕುಟುಂಬಗಳ ಪತ್ರಗಳನ್ನು 1955ರಲ್ಲಿ ಸ್ಥಾಪನೆಯಾದ ಲಿಯೋ ಬೆಕ್ ಸಂಸ್ಥೆ ಸಂಗ್ರಹಿಸಿದೆ. ನಾಜಿ ಹಿಂಸೆಗೆ ಬಲಿಯಾದವರ ದಾಖಲೆಗಳು ಜರ್ಮನಿಯ ಆರೊಲ್ಸನ್ ಪತ್ರಾಗಾರದಲ್ಲಿಯೂ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆಯಲ್ಲಿಯೂ ಇವೆ. ಯಾದ್ ವಶೇಮ್ ತನ್ನ ಹೆಸರುಗಳ ಪಟ್ಟಿಯನ್ನು 2004ರಿಂದ ಅಂತರ್ಜಾಲದಲ್ಲಿ ಒದಗಿಸಿದೆ. ಬ್ರಿಟನ್‌ನಲ್ಲಿ ಪೌರತ್ವ ಪಡೆದವರ ಹೆಸರು ಲಂಡನ್ ಗೆಜೆಟ್‌ನಲ್ಲಿ ಪ್ರಕಟವಾಗುತ್ತಿತ್ತು. ಭಾರತಕ್ಕೆ ಬಂದವರ ವಿಷಯದಲ್ಲಿ ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಭಾರತೀಯ ವಿಜ್ಞಾನ ಸಂಸ್ಥೆಯ ಪತ್ರಾಗಾರಗಳನ್ನು ನೋಡಬೇಕು. ಮೈಸೂರು ಸಂಸ್ಥಾನದ ಆಡಳಿತ ವರದಿಗಳು, ಗೆಜೆಟ್‌ಗಳು ನೇಮಕಾತಿಗಳ ವಿವರಕ್ಕೆ ಉಪಯುಕ್ತ.

ಭದ್ರಾವತಿಗೂ ಸಂಬಂಧಿಸಿದ ಮಾತು

ನಮ್ಮ ಹಳ್ಳಿಗಳಲ್ಲಿ ಹೆಳವರು ಈ ಕೆಲಸ ಮಾಡುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು ತಲೆಮಾರುಗಳ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡ್ಡಿ ಪಡೆದು ಹೋಗುತ್ತಿದ್ದರು. ಆದರೆ ಹೆಳವರು ಒಕ್ಕಲಿನ ಊರಿಗೆ ಬರುತ್ತಾರೆಯೇ ಹೊರತು ಕಾರ್ಖಾನೆಯ ವಸತಿಗೃಹಕ್ಕೆ ಬರುವುದು ಅಪರೂಪ. ಭದ್ರಾವತಿಯ ಜನಸಂಖ್ಯೆಯಲ್ಲಿ ಬಹುಪಾಲು ತಮಿಳುನಾಡು, ಆಂಧ್ರ, ಕೇರಳ ಹಾಗೂ ರಾಜ್ಯದ ನಾನಾ ಭಾಗಗಳಿಂದ ಕೆಲಸ ಅರಸಿ ಬಂದವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಅವರ ಅಜ್ಜ ಯಾವ ಊರಿನಿಂದ, ಯಾವ ವರ್ಷ ಬಂದರೆಂಬುದಕ್ಕೆ ಕಾರ್ಖಾನೆಯ ಹಾಜರಿ ಪುಸ್ತಕ, ಸೇವಾ ಕಡತ, ವಸತಿ ಹಂಚಿಕೆಯ ಪಟ್ಟಿಗಳಂಥವೇ ಸಾಕ್ಷ್ಯವಾಗಬಲ್ಲವು.

ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವನ್ನು ಭಾರತೀಯ ಉಕ್ಕು ಪ್ರಾಧಿಕಾರ ಜನವರಿ 2023ರಲ್ಲಿ ಪ್ರಕಟಿಸಿತು. ತೀವ್ರ ಪ್ರತಿಭಟನೆಯ ಬಳಿಕ ಅದೇ ವರ್ಷ ಆಗಸ್ಟ್‌ನಲ್ಲಿ ಕೆಲಸ ಭಾಗಶಃ ಪುನರಾರಂಭವಾಯಿತು. ಯಂತ್ರಗಳ, ಜಮೀನಿನ, ನೌಕರಿಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ, ನಡೆಯಬೇಕಾದದ್ದೂ ಹೌದು. ಶತಮಾನದ ಇತಿಹಾಸವುಳ್ಳ ಇಂತಹ ಕಾರ್ಖಾನೆಯ ಹಳೆಯ ನಕ್ಷೆ, ಪತ್ರವ್ಯವಹಾರ, ನೌಕರರ ಕಡತಗಳೂ ಆ ಚರ್ಚೆಯ ಭಾಗವಾಗಬೇಕು. ಅವನ್ನು ಪಟ್ಟಿ ಮಾಡಿ, ಪ್ರತಿ ತೆಗೆದು, ರಾಜ್ಯ ಪತ್ರಾಗಾರದಲ್ಲಿ ಇರಿಸುವುದು ಹೆಚ್ಚಿನ ವೆಚ್ಚದ ಕೆಲಸವಲ್ಲ. ಬರ್ಲಿನ್‌ನಿಂದ ಬಂದ ವಾಸ್ತುಶಿಲ್ಪಿಯ ವಂಶದವರು ಮುಂದೊಂದು ದಿನ ಅವರ ನಕ್ಷೆಯನ್ನು ಹುಡುಕಿಕೊಂಡು ಬಂದಾಗಲೂ, ಕಾರ್ಮಿಕನೊಬ್ಬನ ಮೊಮ್ಮಗಳು ಅಜ್ಜನ ಊರಿನ ಹೆಸರನ್ನು ಕೇಳಿಕೊಂಡು ಬಂದಾಗಲೂ ತೆರೆದು ತೋರಿಸಬೇಕಾಗುವುದು ಅವೇ ಕಡತಗಳನ್ನು.